ಮೂರನೆಯ ಜಾಗ

ಲಾಕ್ರೇ, ಗಾಲ್ವೇ ಜಿಲ್ಲೆ
16 ಮಾರ್ಚ್ 1995

ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ, ಹೆಶನ್ ಪಬ್ಬಿನಲ್ಲಿ ಸೇರಿರುವ ಎಲ್ಲರಿಗೂ,

(ಶ್ರೀಮತಿ ಡೆಲಿಯಾ ಹೆಶನ್ ಅವರು ಇದನ್ನು ಊಟಕ್ಕೆ ಮೊದಲು, ಎಲ್ಲರಿಗೂ ಕೇಳಿಸುವಂತೆ ಓದಬೇಕಾಗಿ ವಿನಂತಿ.)

ನನ್ನ ಮಗಳು ಎಥ್ನಾ ತೀರಿಕೊಂಡು ತಿಂಗಳಾದುದರ ಪೂಜೆಗೆ ಬಂದು ಸೇರಿದ ನಿಮಗೆಲ್ಲ ನನ್ನ ವಂದನೆಗಳು. ಫೆಬ್ರವರಿ ಇಪ್ಪತ್ತೊಂದರಂದು ಅವಳು ನಿಮ್ಮ ಪಬ್ಬಿನ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ಆಸ್ಪತ್ರೆಯವರೆಗೆ ಜೊತೆಗೆ ಹೋದವರಿಗೆ, ಶವಪೆಟ್ಟಿಗೆಗೆ ಹೆಗಲು ಕೊಟ್ಟವರಿಗೆ, ನಾನು ನ್ಯುಮೋನಿಯಾದಿಂದ ಗಾಲ್ವೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಂದೆಯ ಪರವಾಗಿ ಮೊದಲ ಹಿಡಿ ಮಣ್ಣು ಹಾಕಿದವರಿಗೆ ನಾನು ಋಣಿ. ಅವರ ಹೆಸರುಗಳು ನನಗೆ ತಿಳಿಯವು. ತಿಳಿದಿದ್ದರೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯುತ್ತಿದ್ದೆ.

ವಂದನೆ ಇಲ್ಲಿಗೆ ಮುಗಿಯಿತು. ಅವಳ ಆತ್ಮಶಾಂತಿಗೆ ಪೂಜೆ ಹೇಳಿಸಿ ನೀವು ಕಳಿಸಿದ ನಲವತ್ತಮೂರು ಕಾರ್ಡುಗಳಲ್ಲಿನ ಪ್ರಾರ್ಥನೆಯನ್ನು ಸ್ವೀಕರಿಸುತ್ತೇನೆ, ಸಂತಾಪವನ್ನು ಸ್ವೀಕರಿಸಲಾರೆ. ಸಂತಾಪ ಹೇಳುವವನು ನಷ್ಟದ ಹೊರಗೆ ನಿಂತಿರಬೇಕು. ನೀವು ಹೊರಗಿನವರಲ್ಲ. ವಕೀಲಿ ಓದಬೇಕಿದ್ದ ಹುಡುಗಿಯನ್ನು ಹನ್ನೊಂದು ವರ್ಷ ಬಾಣಲೆಯ ಮುಂದೆ ನಿಲ್ಲಿಸಿಕೊಂಡವರು ನೀವು. 1947ರಲ್ಲಿ ಗಾಲ್ವೇ ಕಾಲೇಜಿನ ಚರ್ಚಾಕೂಟದಲ್ಲಿ, ಪಬ್ ಎಂಬುದು ಮನೆಯನ್ನು ಒಡೆಯುವ ಸ್ಥಳ ಎಂಬ ಪಕ್ಷವನ್ನು ಹಿಡಿದು ನಾನು ಬೆಳ್ಳಿ ಪದಕ ಗೆದ್ದಿದ್ದೆ. ಆ ವಾದವನ್ನು ಹಿಂತೆಗೆದುಕೊಳ್ಳಲು ಈ ಫೆಬ್ರವರಿ ನನಗೆ ಯಾವ ಕಾರಣವನ್ನೂ ಕೊಟ್ಟಿಲ್ಲ.

ಎಥ್ನಾಳನ್ನು ಲಂಡನ್ನಿನಲ್ಲಿ, ಇಬ್ಬರು ಅಪರಿಚಿತ ಗಂಡಸರಿದ್ದ ಸಮಾಧಿಯಲ್ಲಿ ಇಟ್ಟಿದ್ದೀರಿ. ಅವಳದೇ ಇಚ್ಛೆ ಅದಾಗಿತ್ತು ಎಂದು ಶ್ರೀಮತಿ ಹೆಶನ್ ಫೋನಿನಲ್ಲಿ ಹೇಳಿದರು. ಪಬ್ಬಿನ ಕೌಂಟರಿನ ಮೇಲೆ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲ. ಇಲ್ಲಿ ಅವಳ ತಾಯಿ ಊನಾ ಮಲಗಿರುವ ಸಮಾಧಿಯಲ್ಲಿ ಇನ್ನೆರಡು ಜಾಗಗಳಿವೆ: ಒಂದು ನನ್ನದು, ಒಂದು ಎಥ್ನಾಳದು. ನಿಮ್ಮ ಸಮಾಧಿಯ ಹಕ್ಕುಪತ್ರ ಶ್ರೀಮತಿ ಹೆಶನ್ ಅವರ ಹೆಸರಿನಲ್ಲಿದೆ. ಪೆಟ್ಟಿಗೆಯನ್ನು ಮೇಲೆತ್ತಿ ಊರಿಗೆ ತರಲು ಬೇಕಾದ ಅರ್ಜಿಯನ್ನು ಲಗತ್ತಿಸಿದ್ದೇನೆ. ಅದಕ್ಕೆ ಅವರ ಸಹಿ ಬೇಕು. ಬೇರೇನೂ ಬೇಡ.

ಕೊಲ್ಮನ್ ಡಿವೇನ್
ನಿವೃತ್ತ ಶಾಲಾ ಮುಖ್ಯೋಪಾಧ್ಯಾಯ

* * *

ಹೆಶನ್ಸ್, ಕ್ರಿಕಲ್‌ವುಡ್
24 ಮಾರ್ಚ್ 1995

ಮೇಷ್ಟ್ರೇ,

ನಂಗೆ ನಿಮ್ಮ ಹಾಗೆ ಬರೆಯೋಕೆ ಬರಲ್ಲ. ಮಾತಾಡೋ ಹಾಗೇ ಬರೀತೀನಿ, ತಪ್ಪು ತಿದ್ದಬೇಡಿ.

ಓದಿ ಅಂದ್ರಿ, ಓದಿದೆ. ಬೆಂಚಿನ ಮೇಲೆ ಹತ್ತಿ ನಿಂತು, ಒಂದಕ್ಷರ ಬಿಡದೆ. ಸಂತಾಪ ಸ್ವೀಕರಿಸಲಾರೆ ಅನ್ನೋ ಕಡೆ ಬಂದಾಗ ಸೂಪ್ ಕುದಿಯೋದು ಕೇಳಿಸ್ತಿತ್ತು. ಆಮೇಲೆ ಪೇಕಿ ಮನ್ನಿಯನ್ ಅಂತ ನಮ್ಮ ಹಳೇ ಗಿರಾಕಿ ಒಬ್ರು ಅಂದ್ರು: "ಬೇಡ ಅಂದ್ರೆ ನನ್ನ ಕಾರ್ಡ್ ವಾಪಸ್ ಕಳ್ಸೋಕೆ ಹೇಳು ಡೆಲಿಯಾ. ಅದರ ಹಿಂದೆ ಶನಿವಾರದ ರೇಸ್ ಕುದುರೆ ಹೆಸರು ಬರ್ಕೊಂಡಿದ್ದೆ." ಎಲ್ಲರೂ ನಕ್ರು. ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ. ಒಂದು ತಿಂಗಳಿಂದ ನಕ್ಕಿರಲಿಲ್ಲ, ಅದಕ್ಕೆ.

ಬಾಣಲೆ ಮುಂದೆ ನಿಲ್ಲಿಸಿಕೊಂಡ್ವಿ ಅಂತ ಬರ್ದಿದೀರಿ. ಎಥ್ನಾ ಬಂದಿದ್ದು ಗ್ಲಾಸ್ ತೊಳೆಯೋಕೆ. ಮೊದಲನೇ ದಿನವೇ ನನ್ನ ಸೂಪ್ ಬಾಯಿಗಿಟ್ಟು, "ಇದನ್ನ ನಿಮ್ಮ ಗಂಡಂಗೂ ಕೊಡ್ತಿದ್ರಾ?" ಅಂದ್ಳು. "ಕೊಟ್ಟೆ, ಸತ್ತ" ಅಂದೆ. ಅವತ್ತೇ ಸೌಟು ಕಿತ್ಕೊಂಡ್ಳು. ಇಲ್ಲಿ ಬರೋರು ಐವತ್ತರ ದಶಕದಲ್ಲಿ ರಸ್ತೆ ಅಗೆಯೋಕೆ, ಸುರಂಗ ತೋಡೋಕೆ ಬಂದೋರು ಮೇಷ್ಟ್ರೇ. ಮದುವೆ ಇಲ್ಲ, ಮನೆ ಇಲ್ಲ, ಒಂದೊಂದು ಬಾಡಿಗೆ ಕೋಣೆ. ಅದರಲ್ಲಿ ಒಲೆ ಹಚ್ಚೋ ಹಾಗಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿ ಉಂಡರೆ ಉಂಡ ಹಾಗೆ, ಇಲ್ಲದಿದ್ರೆ ಬರೀ ಬ್ರೆಡ್ಡು, ಚಹಾ.

ಸಮಾಧಿ ವಿಷಯ. ಊರಿಗೆ ಕಳಿಸೋಕೆ ಯಾರೂ ಇಲ್ಲದೋರಿಗೆ ಅಂತ ನಾವೇ ಸೇರಿ ತಗೊಂಡಿದ್ದು ಅದು. ಮೂರು ಜನಕ್ಕೆ ಜಾಗ. ಕೆಳಗೆ ಜೋ ಫಾಹಿ, ಅವರ ಮೇಲೆ ಮಾರ್ಟಿ ಲಾವೆಲ್. ಮೂರನೇದು ನಮ್ಮಲ್ಲೇ ಇನ್ನೊಬ್ಬರಿಗೆ ಅಂತ ಮಾತಾಗಿತ್ತು. ಅವರು ಎಥ್ನಾಗೆ ಬಿಟ್ಟುಕೊಟ್ರು. ಜೋ, ಮಾರ್ಟಿ ಇಬ್ರೂ ಅವಳ ಕೈಯಲ್ಲಿ ಉಂಡೋರು. ನಿಮಗೆ ಅಪರಿಚಿತರು, ಅವಳಿಗಲ್ಲ.

ಸಹಿ ಹಾಕಲ್ಲ ಅಂತ ಹೇಳ್ತಿಲ್ಲ. ಒಂದು ಷರತ್ತು. ಸೋಮವಾರ ಅವಳಿಗೆ ರಜೆ. ರಜೆ ದಿನ ಈ ಊರಿನ ಐರಿಷ್ ಪಬ್‌ಗಳಿಗೆ ಒಂದೊಂದಾಗಿ ಹೋಗಿ, ನಮ್ಮೋರಿಗೆ ಒಳ್ಳೆ ಊಟ ಎಲ್ಲಿ ಸಿಗತ್ತೆ ಅಂತ ಹುಡುಕೋಳು. ಎಲ್ಲಾ ಒಂದು ನೋಟುಪುಸ್ತಕದಲ್ಲಿ ಬರ್ದಿದಾಳೆ. ಅವಳು ಮೂರಕ್ಕೆ ಮಾತ್ರ ನಕ್ಷತ್ರ ಹಾಕಿದಾಳೆ. ಆ ಮೂರು ಕಡೆ ಕೂತು ಊಟ ಮಾಡಿ. ಆಮೇಲೂ ಸಹಿ ಬೇಕು ಅಂದ್ರೆ ಹಾಕ್ತೀನಿ. ಯಾರನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ ಅಂತ ನಿಮಗೆ ಗೊತ್ತಿರಬೇಕಲ್ಲ?

ಡೆಲಿಯಾ ಹೆಶನ್

* * *

ಲಾಕ್ರೇ
4 ಏಪ್ರಿಲ್ 1995

ಶ್ರೀಮತಿ ಹೆಶನ್ ಅವರಿಗೆ,

ನಿಮ್ಮ ಷರತ್ತಿಗೆ ಕಾನೂನಿನ ಬಲವಿಲ್ಲ. ಅದು ತರ್ಕಕ್ಕೂ ನಿಲ್ಲದು: ಮಗಳು ಏನನ್ನು ತಿಂದಳು ಎಂಬುದರಿಂದ ಅವಳನ್ನು ಎಲ್ಲಿ ಇಡಬೇಕು ಎಂಬುದು ನಿರ್ಧಾರವಾಗುವುದಿಲ್ಲ. ಆದರೂ ಒಪ್ಪುತ್ತೇನೆ. ವಕೀಲರೊಡನೆ ಎರಡು ವರ್ಷ ಕಳೆಯುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಇನ್ನೂ ಸದ್ದು ಮಾಡುತ್ತದೆ. ಮಿಗಿಲಾಗಿ, ಎದುರು ಪಕ್ಷದ ದಾಖಲೆಯನ್ನು ಓದದೆ ಉತ್ತರಿಸುವುದು ಒಳ್ಳೆಯ ಚರ್ಚಾಪಟುವಿನ ಲಕ್ಷಣವಲ್ಲ.

ನನಗೆ ಈಗ ಎಪ್ಪತ್ತು ವರ್ಷ. ಈವರೆಗೆ ಯಾವ ಪಬ್ಬಿನ ಹೊಸ್ತಿಲನ್ನೂ ದಾಟಿದವನಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ಚರ್ಚಿನ ದೃಢೀಕರಣ ಸಂಸ್ಕಾರದ ದಿನ, ಮದ್ಯ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆ; ಅದರ ಬಿಲ್ಲೆ ಅಂದಿನಿಂದ ನನ್ನ ಕೋಟಿನ ಮೇಲಿದೆ. ಪ್ರತಿಜ್ಞೆ ಕುಡಿಯುವುದರ ವಿರುದ್ಧವೇ ಹೊರತು ಕೂರುವುದರ ವಿರುದ್ಧ ಅಲ್ಲವೆಂದು ನಮ್ಮ ಫಾದರ್ ಹೇಳುತ್ತಾರೆ. ಅವರಿಗೆ ಸಮ್ಮತಿ ಕೊಡುವುದೆಂದರೆ ಇಷ್ಟ.

ನೋಟುಪುಸ್ತಕವನ್ನು ಕಳಿಸಿರಿ. ಜೂನ್ ತಿಂಗಳಲ್ಲಿ ಬರುತ್ತೇನೆ. ನಿಮ್ಮನ್ನು ಭೇಟಿಯಾಗುವ ಅಗತ್ಯ ಬೀಳದು, ಪತ್ರ ಸಾಕು.

ಕೊಲ್ಮನ್ ಡಿವೇನ್

* * *

ಕಿಲ್‌ಬರ್ನ್, ಲಂಡನ್
7 ಜೂನ್ 1995

ಶ್ರೀಮತಿ ಹೆಶನ್ ಅವರಿಗೆ,

ಹಡಗು, ರೈಲು, ಮತ್ತೆ ನೆಲದಡಿಯ ರೈಲು. ವಸತಿಗೃಹದ ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಕಿಟಕಿ ತೆರೆದರೆ ಬಸ್ಸುಗಳ ಸದ್ದು, ಮುಚ್ಚಿದರೆ ಉಸಿರುಗಟ್ಟುತ್ತದೆ. ತೆರೆದೇ ಇಟ್ಟಿದ್ದೇನೆ.

ನಕ್ಷತ್ರದ ಪಬ್‌ಗಳಿಗೆ ಮೊದಲು ಹೋಗಲಿಲ್ಲ. ಅವಳು ಮೆಚ್ಚಿದ್ದನ್ನು ಪರೀಕ್ಷಿಸಬೇಕಾದರೆ ಅವಳು ತಿರಸ್ಕರಿಸಿದ್ದನ್ನೂ ಪರೀಕ್ಷಿಸಬೇಕು. ಆದ್ದರಿಂದ ನಿನ್ನೆ ಕ್ಯಾಮ್ಡೆನ್ ಕಡೆಯ ಒಂದು ಪಬ್ಬಿಗೆ ಹೋದೆ. ಮುಂಭಾಗವೆಲ್ಲ ಹಸಿರು ಬಣ್ಣ, ಗೋಡೆಗೆ ತೂಗುಹಾಕಿದ ಬಂಡಿಯ ಗಾಲಿ, ಬಾಗಿಲಲ್ಲಿ 'ಅಜ್ಜಿಯ ಕೈಯಡುಗೆ' ಎಂಬ ಫಲಕ. ಎಥ್ನಾಳ ಟಿಪ್ಪಣಿ ನಾಲ್ಕೇ ಪದ: 'ಗೋಡೆಗೆ ಗಾಲಿ ಇದ್ದಲ್ಲಿ ಒಲೆಯಿಲ್ಲ.' ಮಾಂಸದ ಸ್ಟ್ಯೂ ತರಿಸಿದೆ. ಅಂಚು ನಾಲಿಗೆ ಸುಡುತ್ತಿತ್ತು, ನಡುವೆ ಮಂಜುಗಡ್ಡೆ. ಬಡಿಸಿದ ಯುವಕ ಆಸ್ಟ್ರೇಲಿಯಾದವನು.

"ಹೇಗಿದೆ ಅಜ್ಜ?" ಎಂದು ಕೇಳಿದ.

"ಇದು ಯಾವ ಪ್ರಾಣಿ?" ಎಂದು ನಾನು ಕೇಳಿದೆ.

"ಐರಿಷ್, ಸಾರ್."

ಈ ವಿಷಯದಲ್ಲಿ ನಿಮ್ಮ ಪಕ್ಷಕ್ಕೆ ಒಂದು ಅಂಕ ಕೊಡುತ್ತೇನೆ.

ಇಂದು ವಿಲ್ಸ್‌ಡೆನ್‌ನ ಮೊದಲ ನಕ್ಷತ್ರಕ್ಕೆ ಹೋದೆ. ಟಿಪ್ಪಣಿಯ ಸೂಚನೆಯಂತೆ ಒಂದು ಗಂಟೆಗೆ ಹೋಗಿ, ಒಬ್ಬಂಟಿಯಾಗಿ ಉಣ್ಣುವ ಮುದುಕರು ಎಷ್ಟು ಮಂದಿ ಎಂದು ಎಣಿಸಿದೆ. ಏಳು. 'ನಾಲ್ಕಕ್ಕಿಂತ ಕಡಿಮೆ ಇದ್ದರೆ ಹೊರಟುಬಿಡು' ಎಂದು ಅವಳು ಬರೆದಿದ್ದಾಳೆ. ಒಬ್ಬನೇ ಬರುವ ಮುದುಕನಿಗೆ ಹೊಟ್ಟೆ ಬಿಟ್ಟು ಬೇರೆ ನೆಂಟರಿಲ್ಲ, ಅವನು ಕೆಟ್ಟ ಊಟಕ್ಕೆ ಎರಡನೆಯ ದಿನ ಬರುವುದಿಲ್ಲ ಎಂಬುದು ಅವಳ ವಾದ. ವಾದ ಸರಿಯಾಗಿದೆ. ಅದನ್ನು ಅವಳಿಗೆ ಯಾರು ಕಲಿಸಿದರೋ ತಿಳಿಯದು.

ಪಬ್ಬಿನ ಯಜಮಾನ ನನ್ನ ಕೋಟಿನ ಬಿಲ್ಲೆಯನ್ನು ನೋಡಿ, ಕೇಳದೆಯೇ ಒಂದು ಲೋಟ ಹಾಲು ತಂದಿಟ್ಟ. "ನಮ್ಮಪ್ಪನೂ ಇದೇ ಬಿಲ್ಲೆ ಹಾಕ್ತಿದ್ದ ಸಾರ್. ನಾನು ಪಬ್ ತೆಗೆದ ಮೇಲೆ ಹಿತ್ತಲ ಬಾಗಿಲಿಂದ ಬಂದು ಉಂಡು ಹೋಗೋನು." ಕುರಿಮಾಂಸ, ಸಿಪ್ಪೆಯೊಡನೆ ಬೇಯಿಸಿದ ಆಲೂಗಡ್ಡೆ, ಮಜ್ಜಿಗೆ ಹಾಕಿ ನಾದಿದ ಕಂದು ರೊಟ್ಟಿ. ಅರ್ಧ ತಿಂದೆ. ಅರ್ಧ ಬಿಟ್ಟದ್ದು ನನ್ನ ದಣಿವಿನಿಂದ, ಅಡುಗೆಯಿಂದಲ್ಲ. ಚೆನ್ನಾಗಿತ್ತು ಎಂದು ದಾಖಲಿಸುತ್ತೇನೆ.

ಕೊಲ್ಮನ್ ಡಿವೇನ್

* * *

ಕ್ರಿಕಲ್‌ವುಡ್
9 ಜೂನ್ 1995

ಮೇಷ್ಟ್ರೇ,

ಎರಡು ಮೈಲಿ ದೂರದಲ್ಲಿ ಕೂತು ಅಂಚೆಚೀಟಿ ಅಂಟಿಸ್ತಿದೀರಲ್ಲ, ನಿಮ್ಮಂಥೋರನ್ನ ನಾನು ನೋಡಿಲ್ಲ! ಹದಿನಾರನೇ ನಂಬರ್ ಬಸ್ಸು ನಿಮ್ಮ ಬಾಗಿಲಿಂದ ನನ್ನ ಬಾಗಿಲಿಗೇ ಬರತ್ತೆ.

ವಿಲ್ಸ್‌ಡೆನ್ ಮುಗೀತು, ಇನ್ನೆರಡು. ಮೂರನೇದು ಹ್ಯಾಮರ್‌ಸ್ಮಿತ್‌ದು, ಅದು ಅವಳ ಜೀವ. ಅಲ್ಲಿ ಎರಡು ಸಲ ಬಡಿಸ್ತಾರೆ, ಹೊಟ್ಟೆ ಖಾಲಿ ಇಟ್ಕೊಂಡು ಹೋಗಿ. ಅಲ್ಲಿಂದ ನೇರ ಇಲ್ಲಿಗೆ ಬನ್ನಿ. ಕಿಟಕಿ ಪಕ್ಕದ ಮೇಜು ನಿಮಗೆ ಅಂತ ಖಾಲಿ ಇಟ್ಟಿರ್ತೀನಿ. ಯಾರೂ ಸಂತಾಪ ಹೇಳಲ್ಲ, ಹೇಳಬೇಡಿ ಅಂತ ಎಲ್ಲರಿಗೂ ತಾಕೀತು ಮಾಡಿದೀನಿ.

ಡೆಲಿಯಾ

* * *

ಕಿಲ್‌ಬರ್ನ್
12 ಜೂನ್ 1995

ಶ್ರೀಮತಿ ಹೆಶನ್ ಅವರಿಗೆ,

ಶುಕ್ರವಾರ ಆರ್ಚ್‌ವೇಯ ಎರಡನೆಯ ನಕ್ಷತ್ರಕ್ಕೆ ಹೋದೆ. ಅಲ್ಲಿ ಈಗಲೂ ಶುಕ್ರವಾರ ಮೀನು ಮಾತ್ರ. ಆದ್ದರಿಂದ ಶನಿವಾರ ಮತ್ತೆ ಹೋದೆ. ಅವಳ ಟಿಪ್ಪಣಿ ಇದ್ದದ್ದು ಶನಿವಾರದ ಅಡುಗೆಯ ಬಗ್ಗೆ. ಉಪ್ಪಿನಲ್ಲಿಟ್ಟ ಹಂದಿಮಾಂಸ, ಅದೇ ನೀರಿನಲ್ಲಿ ಬೇಯಿಸಿದ ಎಲೆಕೋಸು. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದಿದ್ದಾಳೆ: 'ಉಪ್ಪು ಸರಿಯಾಗಿದೆ. ಅಪ್ಪನಿಗೆ ಇಷ್ಟೇ ಬೇಕು.' "ಬಿಸಿ ಮಾಡ್ಕೊಂಡು ಬರ್ಲಾ ಯಜಮಾನ್ರೇ?" ಎಂದು ಒಬ್ಬ ಹೆಂಗಸು ಎರಡು ಬಾರಿ ಕೇಳಿದಳು.

ಹ್ಯಾಮರ್‌ಸ್ಮಿತ್‌ನ ಮೂರನೆಯದು ಮುಚ್ಚಿದೆ. ಇಂದು ಹೋಗಿ ನೋಡಿದೆ. ಅಲ್ಲಿ ಈಗ ರತ್ನಗಂಬಳಿ ಮಾರುತ್ತಾರೆ. ಊಟ ಎಲ್ಲಿ ಎಂದು ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ಒಂದು ಗಂಬಳಿಯ ಮೇಲೆ ಕೂರಿಸಿ ನೀರು ಕೊಟ್ಟ. ಹೀಗಾಗಿ ನಿಮ್ಮ ಷರತ್ತಿನ ಮೂರನೆಯ ಭಾಗ ಪೂರೈಸಲಾಗದು. ತಪ್ಪು ನನ್ನದಲ್ಲ.

ಇನ್ನೆರಡು ವಿಷಯಗಳಿವೆ.

ಮೊದಲನೆಯದು. ನಲವತ್ತು ವರ್ಷ ಮಕ್ಕಳ ನೋಟುಪುಸ್ತಕಗಳನ್ನು ತಿದ್ದಿದವನು ನಾನು. ಒಂದು ಹಾಳೆಯನ್ನು ಕಿತ್ತರೆ ಹೊಲಿಗೆಯ ಆಚೆ ಬದಿಯ ಜೋಡಿ ಹಾಳೆ ಸಡಿಲವಾಗುತ್ತದೆ. ಎಥ್ನಾಳ ಪುಸ್ತಕದ ಮೊದಲ ಹಾಳೆ ಸಡಿಲವಾಗಿದೆ. ಕೊನೆಯ ಹಾಳೆ ಇಲ್ಲ. ನನಗೆ ಕಳಿಸುವ ಮೊದಲು ನೀವು ಅದನ್ನು ತೆಗೆದಿದ್ದೀರಿ. ಅದು ನನಗೆ ಬೇಕು.

ಎರಡನೆಯದು. ಇದನ್ನು ಯಾರಿಗೂ ಹೇಳಿದವನಲ್ಲ. ನೀವು ಹಾಳೆಯನ್ನು ಕೊಡಬೇಕಾದರೆ ನಾನೂ ಏನಾದರೂ ಕೊಡಬೇಕು. ಒಂದೂವರೆ ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಅವಳು ಮನೆಗೆ ಬಂದಿದ್ದಳು. ತಾಯಿ ಸತ್ತ ನಂತರ ಅದೇ ಮೊದಲು. ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು ಇದೇ ಅಡುಗೆ ಮಾಡಿದಳು: ಹಂದಿಮಾಂಸ, ಎಲೆಕೋಸು, ಅವಳ ತಾಯಿಯ ರೊಟ್ಟಿ. ಬಡಿಸಿದಳು. ಪಬ್ಬಿನ ಊಟವನ್ನು ಈ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಹೇಳಿ ನಾನು ಎದ್ದೆ. ಅವಳ ಕಣ್ಣೆದುರೇ ನೀರಿಟ್ಟು ಒಂದು ಮೊಟ್ಟೆ ಬೇಯಿಸಿಕೊಂಡೆ. ನಾಲ್ಕು ನಿಮಿಷ. ಅವಳು ಪಾತ್ರೆ ತೊಳೆದು, ಮರುದಿನ ಬಸ್ಸು ಹತ್ತಿದಳು.

ಬುಧವಾರದ ಹಡಗಿಗೆ ಟಿಕೆಟು ಆಗಿದೆ. ನಿಮ್ಮ ಪಬ್ಬಿಗೆ ಬರುವುದಿಲ್ಲ. ಕಿಟಕಿಯ ಪಕ್ಕದ ಮೇಜನ್ನು ಬೇರೆಯವರಿಗೆ ಕೊಡಿ.

ಕೊಲ್ಮನ್ ಡಿವೇನ್

* * *

ಕ್ರಿಕಲ್‌ವುಡ್
2 ಅಕ್ಟೋಬರ್ 1995

ಮೇಷ್ಟ್ರೇ,

ಮೂರೂವರೆ ತಿಂಗಳು ಬರೀಲಿಲ್ಲ, ಯಾಕಂದ್ರೆ ಸಿಟ್ಟು ಬಂದಿತ್ತು. ಆ ಮೇಜನ್ನ ನಾಲ್ಕು ದಿನ ಖಾಲಿ ಇಟ್ಟಿದ್ದೆ. ಯಾರಾದ್ರೂ ಕೂರೋಕೆ ಬಂದ್ರೆ ಓಡಿಸ್ತಿದ್ದೆ. ನೀವು ಹೊರಟೇ ಹೋದ್ರಿ. ಮಗಳು ಹನ್ನೊಂದು ವರ್ಷ ನಿಂತ ಜಾಗಾನ ಒಂದ್ಸಲ ಕಣ್ಣೆತ್ತಿ ನೋಡೋಕೂ ಮನಸ್ಸು ಬರಲಿಲ್ಲವಾ ನಿಮಗೆ? ಕಲ್ಲು ಮನುಷ್ಯ ಅಂದ್ಕೊಂಡೆ. ಅರ್ಜಿ ಹರಿದು ಒಲೆಗೆ ಹಾಕೋಣ ಅಂತ ಎರಡು ಸಲ ಕೈಗೆ ತಗೊಂಡೆ.

ಆಮೇಲೆ ನಂಗೂ ಸಾಕಾಯ್ತು. ಹೊಸ ಅಡುಗೆಯವಳು ಮಾಡಿದ ರೊಟ್ಟಿಯನ್ನ ಯಾರೂ ಬೈಯೋದೂ ಇಲ್ಲ, ಹೊಗಳೋದೂ ಇಲ್ಲ. ಬಾಯ್ಮುಚ್ಚಿ ಅಗಿತಾರೆ. ಎಲ್ಲರೂ ಸುಸ್ತಾಗಿದೀವಿ ಮೇಷ್ಟ್ರೇ. ಎಥ್ನಾ ವಿಷಯಕ್ಕೆ ಜಗಳ ಆಡೋಕೆ ನನ್ನ ಹತ್ರ ಬಲ ಇಲ್ಲ.

ಮೊಟ್ಟೆ ವಿಷಯ ನಂಗೆ ಮೊದಲಿಂದ ಗೊತ್ತಿತ್ತು. ಊರಿಂದ ಬಂದ ದಿನ ಅಡುಗೆಮನೇಲಿ ಕೋಟು ಕೂಡ ಬಿಚ್ಚದೆ ಹೇಳಿದ್ಳು. ನೀವು ಅದನ್ನ ಹೇಳ್ತೀರಾ ಇಲ್ವಾ ಅಂತ ಕಾಯ್ತಿದ್ದೆ. ಹೇಳಿದ್ರಿ. ಹೇಳಿದ ಮೇಲೂ ನಾನು ಸುಮ್ನಿದ್ದೆ, ಅದು ನನ್ನ ತಪ್ಪು.

ಈ ಕವರಿನಲ್ಲಿ ಎರಡಿದೆ. ಒಂದು ನೀವು ಕಳಿಸಿದ ಅರ್ಜಿ, ಸಹಿ ಹಾಕಿದೀನಿ. ಇನ್ನೊಂದು ಆ ಹಾಳೆ. ನಿಮ್ಮ ಕೈಗೆ ಸಿಗಬಾರದು ಅಂತ ಅವಳೇ ಬರ್ದಿದಾಳೆ, ಅದಕ್ಕೇ ಕಿತ್ತಿದ್ದೆ. ಅರ್ಜಿಗೆ ಮೊದಲು ಹಾಳೆ ಓದಿ. ಆಮೇಲೆ ನಿಮ್ಮ ಇಷ್ಟ.

ಡೆಲಿಯಾ

(ಲಗತ್ತು: ನೋಟುಪುಸ್ತಕದ ಒಂದು ಹಾಳೆ)

2 ಜನವರಿ 1994. ಡೆಲಿಯಾ, ನಂಗೇನಾದ್ರೂ ಆದ್ರೆ ಜೋ, ಮಾರ್ಟಿ ಹತ್ರಾನೇ ಇಡಿ. ನಗಬೇಡಿ, ನಿಜವಾಗ್ಲೂ ಹೇಳ್ತಿದೀನಿ. ಊರಿಗೆ ಬೇಡ. ಅಲ್ಲಿ ನನ್ನ ಕೈಯೂಟ ತಿನ್ನೋರಿಲ್ಲ. ಅಪ್ಪಂಗೆ ಇದನ್ನ ತೋರಿಸಬೇಡಿ. ವಾದಕ್ಕೆ ನಿಲ್ತಾರೆ. ಗೆದ್ದೂ ಬಿಡ್ತಾರೆ. — ಎಥ್ನಾ

* * *

ಲಾಕ್ರೇ
30 ಅಕ್ಟೋಬರ್ 1995

ಮೃತರ ನೆನಪಿನ ನವೆಂಬರ್ ಊಟಕ್ಕೆ ಹೆಶನ್ ಪಬ್ಬಿನಲ್ಲಿ ಸೇರಿರುವ ಎಲ್ಲರಿಗೂ,

(ಶ್ರೀಮತಿ ಹೆಶನ್ ಅವರು ಇದನ್ನೂ ಓದಬೇಕು. ಬೆಂಚಿನ ಮೇಲೆ ಹತ್ತುವ ಅಗತ್ಯವಿಲ್ಲ.)

ಸತ್ತವರ ಹೆಸರುಗಳನ್ನು ಓದುವ ಈ ದಿನ ಜೋ ಫಾಹಿ, ಮಾರ್ಟಿ ಲಾವೆಲ್ ಅವರ ಹೆಸರಿನ ನಂತರ ನನ್ನ ಮಗಳ ಹೆಸರನ್ನೂ ಓದುವಿರೆಂದು ಬಲ್ಲೆ. ಅದಕ್ಕಾಗಿ ವಂದನೆಗಳು.

ಸಂತಾಪವನ್ನು ಈ ಬಾರಿಯೂ ನಿರಾಕರಿಸುತ್ತೇನೆ. ಕಾರಣ ಮಾತ್ರ ಬೇರೆ. ಅವಳ ಕೈಯೂಟವನ್ನು ಹನ್ನೊಂದು ವರ್ಷ ಉಂಡವರು ನೀವು. ಅದನ್ನು ಕಳೆದುಕೊಂಡವರೂ ನೀವು. ನಾನು ಉಣ್ಣಲಿಲ್ಲ. ಸಂತಾಪ ಹೇಳಬೇಕಾದವನು ನಾನು, ಹೇಳಿಸಿಕೊಳ್ಳಬೇಕಾದವರು ನೀವು. ಮಾರ್ಚ್ ತಿಂಗಳಲ್ಲಿ ನಾನು ಬರೆದ ಪತ್ರದಲ್ಲಿ ಪಕ್ಷಗಳು ಅದಲುಬದಲಾಗಿದ್ದವು. ಅದನ್ನು ತಿದ್ದುತ್ತಿದ್ದೇನೆ.

ಶ್ರೀಮತಿ ಹೆಶನ್ ಅವರಿಂದ ಒಂದು ಸಂಗತಿಯನ್ನು ಬಚ್ಚಿಟ್ಟಿದ್ದೆ. ಹಡಗು ಹತ್ತುವ ಹಿಂದಿನ ದಿನ, ಜೂನ್ ಹದಿಮೂರು, ಮಂಗಳವಾರ, ಹದಿನಾರನೆಯ ನಂಬರಿನ ಬಸ್ಸು ಹತ್ತಿ ನಿಮ್ಮ ಪಬ್ಬಿಗೆ ಬಂದಿದ್ದೆ. ಮುಚ್ಚಿದ ಮೂರನೆಯ ಪಬ್ಬಿಗೆ ಬದಲಾಗಿ ಇನ್ನೊಂದು ಬೇಕಿತ್ತು. ಯಾವ ಅಡುಗೆಯವಳೂ ತನ್ನದೇ ಅಡುಗೆಗೆ ನಕ್ಷತ್ರ ಹಾಕಿಕೊಳ್ಳುವುದಿಲ್ಲ ಎಂಬುದು ನೋಟುಪುಸ್ತಕವನ್ನು ಮೂರನೆಯ ಬಾರಿ ಓದುವಾಗ ಹೊಳೆದಿತ್ತು. ಮಂಗಳವಾರ ಒಂದು ಗಂಟೆಗೆ ಶ್ರೀಮತಿ ಹೆಶನ್ ಹಲ್ಲಿನ ವೈದ್ಯರಲ್ಲಿಗೆ ಹೋಗಿದ್ದರಂತೆ. ಕೋಟಿನ ಬಿಲ್ಲೆಯನ್ನು ಕಳಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಐವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿ. ಕುಡಿಯುವುದಕ್ಕಲ್ಲ. ಯಾರೂ ನನ್ನನ್ನು ಗುರುತಿಸಬಾರದೆಂದು.

ಒಬ್ಬಂಟಿಯಾಗಿ ಉಣ್ಣುವವರನ್ನು ಎಣಿಸಿದೆ. ಹದಿಮೂರು. ಕಿಟಕಿಯ ಪಕ್ಕದ ಮೇಜಿನ ಮೇಲೆ 'ಕೂರಬೇಡಿ' ಎಂಬ ಚೀಟಿ ಇತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನನ್ನ ಪಕ್ಕಕ್ಕೆ ಕೆಂಪು ಕೈಗಳ, ಎತ್ತರದ ಮುದುಕರೊಬ್ಬರು ಬಂದು ಕೂತರು.

"ಹೊಸಬ್ರಾ?" ಎಂದರು.

"ಹೌದು."

"ಕೋಸು ತಗೊಳ್ಳಿ, ಪರವಾಗಿಲ್ಲ. ರೊಟ್ಟಿ ಬೇಡ. ರೊಟ್ಟಿ ಮಾಡೋಳು ಹೋಗ್ಬಿಟ್ಳು."

ಎಲ್ಲಿಗೆ ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ನನ್ನ ಜಾಗಕ್ಕೆ!" ಎಂದು ಅವರು ನಕ್ಕರು. "ನಿಜ ಹೇಳ್ತೀನಿ ಕೇಳಿ. ಜೋ, ಆಮೇಲೆ ಮಾರ್ಟಿ, ಆಮೇಲೆ ನಾನು ಅಂತ ಸಾಲು ಇತ್ತು. ಮೂವತ್ತೆರಡು ವರ್ಷದ ಹುಡುಗಿ ಸಾಲು ಹಾರಿ ಮುಂದೆ ನಿಂತ್ಳು. ಡೆಲಿಯಾ ಅಳ್ತಾ ನಿಂತಿದ್ಳು, ಎಲ್ಲಿ ಇಡೋದು ಅಂತ. ನಂದು ಕೊಡು ಅಂದೆ. ನಂಗೇನ್ ಅವಸರ?"

"ಮತ್ತೆ ನಿಮಗೆ?"

"ನಂಗೆ? ಕೌನ್ಸಿಲ್‌ನೋರು ಎಲ್ಲಾದ್ರೂ ಸುಟ್ಟು ಹಾಕ್ತಾರೆ ಬಿಡಿ. ನಮ್ಮೂರು ಕಿಲ್‌ಕ್ರೀಸ್ಟ್. ಲಾಕ್ರೇ ಗೊತ್ತಾ? ಅಲ್ಲಿಂದ ಐದು ಮೈಲಿ. ಐವತ್ತೆರಡ್ರಲ್ಲಿ ಬಿಟ್ಟಿದ್ದು. ಮುಂದಿನ ಕ್ರಿಸ್ಮಸ್ಸಿಗೆ ಹೋಗೋಣ, ಮುಂದಿನ ಕ್ರಿಸ್ಮಸ್ಸಿಗೆ ಹೋಗೋಣ ಅಂತ ಎಲ್ಲಾ ಮುಗೀತು. ಈಗ ಹೋದ್ರೆ ಬಾಗಿಲು ತೆಗೆಯೋಕೆ ಯಾರಿದಾರೆ?" ಆಮೇಲೆ ನನ್ನನ್ನು ದಿಟ್ಟಿಸಿ, "ನೀವು ಮೇಷ್ಟ್ರ ಥರ ಕಾಣ್ತೀರಿ. ನಮ್ಮ ಮೇಷ್ಟ್ರೂ ಹಿಂಗೇ, ತಟ್ಟೆ ಮುಂದಿದ್ರೂ ಪರೀಕ್ಷೆ ಪೇಪರ್ ನೋಡೋ ಹಾಗೆ ನೋಡೋರು. ತಿನ್ನಿ ಸ್ವಾಮಿ, ಆರೋಗತ್ತೆ" ಎಂದರು.

ತಿಂದೆ. ಕೋಸು, ಹಂದಿಮಾಂಸ, ಮೂರು ಬಗೆಯ ಆಲೂಗಡ್ಡೆ, ಬೇಡವೆಂದಿದ್ದ ರೊಟ್ಟಿ, ಎಲ್ಲವನ್ನೂ. ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ. ಅಡುಗೆ ಅವಳದಲ್ಲ ಎಂಬುದು ನನಗೆ ತಿಳಿದಿತ್ತು. ತಡವಾಗಿತ್ತು ಎಂಬುದೂ ತಿಳಿದಿತ್ತು. ಆದರೆ ಉಣ್ಣದೆ ತಟ್ಟೆಯ ಮುಂದಿನಿಂದ ಏಳುವುದು ಇನ್ನೊಮ್ಮೆ ನನ್ನಿಂದ ಆಗುತ್ತಿರಲಿಲ್ಲ.

ಆಗಲೂ ನಾನು ಮನಸ್ಸು ಬದಲಿಸಲಿಲ್ಲ. ಈ ಮಾತನ್ನು ನಿಮ್ಮ ಮುಂದೆ ಪ್ರಾಮಾಣಿಕವಾಗಿ ಹೇಳಬೇಕು. ಊರಿಗೆ ಮರಳಿ, ಸಹಿಗಾಗಿಯೇ ಕಾಯುತ್ತಿದ್ದೆ. ಸಹಿ ಈ ತಿಂಗಳು ಬಂತು. ಅದರೊಡನೆ ಎಥ್ನಾ ಬರೆದಿಟ್ಟ ಒಂದು ಹಾಳೆಯೂ ಬಂತು. ನಾನು ವಾದಕ್ಕೆ ನಿಲ್ಲುತ್ತೇನೆ, ಗೆಲ್ಲುತ್ತೇನೆ ಎಂದು ಅದರಲ್ಲಿ ಬರೆದಿದ್ದಾಳೆ. ಇಪ್ಪತ್ತು ದಿನ ಆ ಹಾಳೆಗೆ ಉತ್ತರ ಹುಡುಕಿದೆ. ಉತ್ತರವಿಲ್ಲದ ಚರ್ಚಾಪಟು ಎದ್ದು ನಿಲ್ಲಬಾರದು, ಕೂರಬೇಕು. ಕೂತಿದ್ದೇನೆ.

ಆದ್ದರಿಂದ ಈ ನಿರ್ಧಾರ. ಶ್ರೀಮತಿ ಹೆಶನ್ ಸಹಿ ಹಾಕಿದ ಅರ್ಜಿಯನ್ನು ಇದರೊಡನೆ ಹಿಂತಿರುಗಿಸಿದ್ದೇನೆ. ಬೇಕಾದರೆ ಈಗ ಅದನ್ನು ಒಲೆಗೆ ಹಾಕಬಹುದು. ಎಥ್ನಾ ಇರುವಲ್ಲೇ ಇರಲಿ. ಲಾಕ್ರೇಯ ನಮ್ಮ ಕುಟುಂಬದ ಸಮಾಧಿಯಲ್ಲಿ ಅವಳಿಗೆಂದು ಇಟ್ಟಿದ್ದ ಜಾಗ ಖಾಲಿಯಿದೆ. ಅವಳು ಯಾರ ಜಾಗದಲ್ಲಿ ಮಲಗಿದ್ದಾಳೋ ಅವರ ಹೆಸರು ಪೇಕಿ ಮನ್ನಿಯನ್ ಎಂದು ಅಂದು ಬಡಿಸಿದವರು ಹೇಳಿದರು. ಊರು ಕಿಲ್‌ಕ್ರೀಸ್ಟ್, ನನ್ನ ಮನೆಯಿಂದ ಐದು ಮೈಲಿ. ಕಳೆದ ವಾರ ಫಾದರ್ ಅವರ ಮುಂದೆ ಆ ಜಾಗವನ್ನು ಶ್ರೀ ಮನ್ನಿಯನ್ ಅವರ ಹೆಸರಿಗೆ ಬರೆಸಿದ್ದೇನೆ. ನನಗಿಂತ ಮೊದಲು ಅವರ ಕಾಲ ಬಂದರೆ ಬಾಗಿಲು ತೆಗೆಯಲು ನಾನಿದ್ದೇನೆ. ನಂತರ ಬಂದರೆ, ನಾನು ಮೊದಲೇ ಒಳಗಿರುತ್ತೇನೆ.

ಇದನ್ನು ನಾನೊಬ್ಬನೇ ನಿರ್ಧರಿಸಿದ್ದೇನೆ. ಅವರನ್ನು ಕೇಳಲಿಲ್ಲ, ನಿಮ್ಮನ್ನು ಕೇಳಲಿಲ್ಲ, ಊನಾಳನ್ನೂ ಕೇಳಲಿಲ್ಲ.

ಕೊಲ್ಮನ್ ಡಿವೇನ್
ಎಥ್ನಾಳ ಅಪ್ಪ